ಹಾಡುವವರ ಬೇಸಿಗೆ



ನಾಳೆಯಿಂದ ನಡೆಯುವ ಗಾಯನ ಶಿಬಿರಕ್ಕೆ ಜೊತೆಯಾದ ಈ ಪ್ರದರ್ಶನದ ದೀಪ ಹಚ್ಚುವ ಮುನ್ನ ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬಂದೆ. ಒಪೆರಾ ಎಂದ ಕೂಡಲೇ ನಮಗೆ ನೆನಪಾಗುವುದು ಚಿನ್ನದ ಬಣ್ಣದ ಬಾಲ್ಕನಿಗಳು, ಕೆಂಪು ಮಖಮಲ್ಲಿನ ಪರದೆ, ಕಿರೀಟ ತೊಟ್ಟ ನಾಯಕಿ. ಇಲ್ಲಿ ಅವು ಯಾವುವೂ ಇಲ್ಲ. ಪಿಯಾನೋ ಪಕ್ಕದಲ್ಲಿ ನಿಂತ ಹುಡುಗಿ, ಪೆನ್ಸಿಲಿನ ಗುರುತುಗಳಿಂದ ತುಂಬಿಹೋದ ಸ್ವರಲಿಪಿಯ ಪುಟ, ಬಿಸಿಲಲ್ಲಿ ಸಾಲಾಗಿ ಕೂತು ನೀರು ಕುಡಿಯುತ್ತಿರುವ ಕೋರಸ್ಸಿನವರು. ಕಿರೀಟ ತೊಡುವುದಕ್ಕಿಂತ ಹತ್ತು ವರ್ಷ ಮೊದಲು ಹಾಡುಗಾರರ ಬದುಕು ಹೇಗಿರುತ್ತದೆ ಎಂಬುದನ್ನು ತೋರಿಸಲು ಹೊರಟ ಸಂಘಟಕರನ್ನು ಮನಸಾರೆ ಅಭಿನಂದಿಸುತ್ತೇನೆ. ಕಲೆಯ ನಿಜವಾದ ಚರಿತ್ರೆ ಇರುವುದು ಈ ಹತ್ತು ವರ್ಷಗಳಲ್ಲೇ.

ಕಲಿಕೆ ಬೇಸಿಗೆಯಲ್ಲೇ ಏಕೆ ಎಂದು ಕೆಲವರು ಕೇಳಬಹುದು. ಯುರೋಪು, ಅಮೆರಿಕಗಳ ದೊಡ್ಡ ಒಪೆರಾ ಮನೆಗಳು ಶರತ್ಕಾಲದಲ್ಲಿ ಬಾಗಿಲು ತೆರೆದು ಬೇಸಿಗೆಯ ಹೊತ್ತಿಗೆ ಮುಚ್ಚುತ್ತವೆ. ಏರ್ ಕಂಡೀಷನ್ ಇಲ್ಲದ ಕಾಲದಲ್ಲಿ ತುಂಬಿದ ರಂಗಮಂದಿರದಲ್ಲಿ ಬೇಸಿಗೆಯ ರಾತ್ರಿ ಕೂರುವುದು ಯಾರಿಂದಲೂ ಆಗುತ್ತಿರಲಿಲ್ಲ. ಆಗ ಹಾಡುಗಾರರಿಗೂ ವಾದ್ಯಗಾರರಿಗೂ ಬಿಡುವು, ವಿದ್ಯಾರ್ಥಿಗಳಿಗೂ ರಜೆ. ಹಿರಿಯರೂ ಕಿರಿಯರೂ ಒಟ್ಟಿಗೆ ಸಿಗುವುದು ಈ ಎರಡು ಮೂರು ತಿಂಗಳು ಮಾತ್ರ. ಹಾಗಾಗಿ ತಂಪಾದ ಬೆಟ್ಟಗಳ ಕಡೆ, ಸರೋವರಗಳ ಕಡೆ ಸಂಗೀತ ಹೊರಟಿತು. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳಿಗೂ ಇಂಥದೇ ಒಂದು ಲೆಕ್ಕವಿದೆ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆಯುವವರೆಗೆ ತಿರುಗಾಟವಿಲ್ಲ. ಹೆಜ್ಜೆ ತಿದ್ದಿಕೊಳ್ಳಲು ಕಲಾವಿದನಿಗೆ ಸಿಗುವ ಬಿಡುವು ಅದೇ.

ಅಮೆರಿಕದಲ್ಲಿ ಆಸ್ಕರ್ ಸೀಗಲ್ ಎಂಬ ಬ್ಯಾರಿಟೋನ್ ಗಾಯಕರು 1915ರಷ್ಟು ಹಿಂದೆಯೇ ತಮ್ಮ ಶಿಷ್ಯರನ್ನು ಆಡಿರಾಂಡಕ್ ಬೆಟ್ಟಗಳ ಸೀಮೆಯಲ್ಲಿ ಬೇಸಿಗೆಯಿಡೀ ಇರಿಸಿಕೊಂಡು ಹಾಡು ಕಲಿಸತೊಡಗಿದರು. ಮುಂದೆ ಟ್ಯಾಂಗಲ್‌ವುಡ್ ಬಂತು. ಅಲ್ಲಿ 1946ರ ಆಗಸ್ಟಿನಲ್ಲಿ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ಬೆರಗು ಹೋಗುವುದಿಲ್ಲ. ಬೆಂಜಮಿನ್ ಬ್ರಿಟನ್ ಅವರ ಒಪೆರಾ ‘ಪೀಟರ್ ಗ್ರೈಮ್ಸ್’ ಅಮೆರಿಕದಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಅಲ್ಲಿನ ಬೇಸಿಗೆ ಶಾಲೆಯಲ್ಲಿ. ಹಾಡಿದವರು ವಿದ್ಯಾರ್ಥಿಗಳು. ವಾದ್ಯಮೇಳವನ್ನು ನಡೆಸಿದ್ದು ಇನ್ನೂ 28 ತುಂಬದ ಲಿಯೊನಾರ್ಡ್ ಬರ್ನ್‌ಸ್ಟೈನ್. ಇಪ್ಪತ್ತನೆಯ ಶತಮಾನದ ಅತಿ ಕಠಿಣವಾದ ಒಪೆರಾಗಳಲ್ಲಿ ಒಂದನ್ನು ಕಲಿಯುವವರ ಕೈಗೆ ಕೊಡುವ ಧೈರ್ಯ ಹಿರಿಯರಿಗೆ ಇತ್ತು.

ಆದರೆ ಇವತ್ತು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಸಾಂತಾ ಫೆಯಲ್ಲಿ. ನ್ಯೂ ಮೆಕ್ಸಿಕೋ ರಾಜ್ಯದ ಒಣ ಸೀಮೆ, ಸುಮಾರು 7,000 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರದ ಜಾಗ. ಜಾನ್ ಕ್ರಾಸ್ಬಿ ಎಂಬ ಮೂವತ್ತರ ಆಸುಪಾಸಿನ ಸಂಗೀತ ನಿರ್ದೇಶಕರು ತಂದೆತಾಯಿಯ ನೆರವಿನಿಂದ ಅಲ್ಲೊಂದು ಹಳೆಯ ರ‍್ಯಾಂಚ್ ಕೊಂಡು, 480 ಜನ ಕೂರುವ ಬಯಲು ರಂಗಮಂದಿರ ಕಟ್ಟಿ, 1957ರ ಜುಲೈನಲ್ಲಿ ‘ಮದಾಮ ಬಟರ್‌ಫ್ಲೈ’ ಆಡಿಸಿದರು. ಅದೇ ಮೊದಲ ವರ್ಷ ಸಂಯೋಜಕ ಸ್ಟ್ರಾವಿನ್ಸ್ಕಿ ತಮ್ಮ ಒಪೆರಾ ‘ದಿ ರೇಕ್ಸ್ ಪ್ರೋಗ್ರೆಸ್’ಗಾಗಿ ಅಲ್ಲಿಗೆ ಬಂದರು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಕ್ರಾಸ್ಬಿಯವರು ಆ ವರ್ಷವೇ ಮಾಡಿದ ಇನ್ನೊಂದು ಕೆಲಸ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಂಗೀತ ಕಾಲೇಜು ಮುಗಿಸಿ ಬಂದ, ಆದರೆ ಯಾವ ಒಪೆರಾ ಕಂಪನಿಯೂ ಇನ್ನೂ ಕರೆಯದ ತರುಣರನ್ನು ಅಪ್ರೆಂಟಿಸ್‌ಗಳಾಗಿ ಸೇರಿಸಿಕೊಂಡರು. ಹಾಡುಗಾರರಿಗೆಂದು ಅಮೆರಿಕದಲ್ಲಿ ಇಂಥ ವ್ಯವಸ್ಥೆ ಅದೇ ಮೊದಲು. 1965ರಲ್ಲಿ ರಂಗಸಜ್ಜಿಕೆ, ಬೆಳಕು, ಉಡುಪಿನ ಕೆಲಸದವರಿಗೂ ಅದೇ ಬಾಗಿಲು ತೆರೆಯಿತು. 1967ರಲ್ಲಿ ರಂಗಮಂದಿರವೇ ಸುಟ್ಟುಹೋಯಿತು. ಉಳಿದ ಆಟಗಳನ್ನು ಊರಿನ ಒಂದು ಶಾಲೆಯ ಜಿಮ್‌ನಲ್ಲಿ ಆಡಿ ಮುಗಿಸಿದರು. ಮರುವರ್ಷ ಹೊಸ ಕಟ್ಟಡ ಎದ್ದಿತು. ಅಪ್ರೆಂಟಿಸ್ ಪದ್ಧತಿಯನ್ನು ಮಾತ್ರ ಯಾವತ್ತೂ ಕೈಬಿಡಲಿಲ್ಲ.

ಅಪ್ರೆಂಟಿಸ್ ಹುಡುಗಿಯೊಬ್ಬಳ ಒಂದು ದಿನ ಹೇಗಿರುತ್ತದೆ, ನೋಡಿ. ಬೆಳಿಗ್ಗೆ ಕೋಚ್ ಜೊತೆ ಪಾಠ. ಈ ಕೋಚ್ ಕಂಠ ತಿದ್ದುವ ಗುರುವಲ್ಲ, ಪಿಯಾನೋ ನುಡಿಸುತ್ತ ಭಾಷೆ, ಲಯ, ಪಾತ್ರ ಮೂರನ್ನೂ ತಿದ್ದುವವರು. ಇಟಾಲಿಯನ್ನಿನ ಒಂದು ಒತ್ತಕ್ಷರವನ್ನು ಒತ್ತಿ ಹೇಳದೆ ತೇಲಿಸಿದರೆ ಅಲ್ಲೇ ನಿಲ್ಲಿಸುತ್ತಾರೆ. ಜರ್ಮನ್, ಫ್ರೆಂಚ್, ಕೆಲವೊಮ್ಮೆ ರಷ್ಯನ್, ಚೆಕ್ ಕೂಡ ಬಾಯಲ್ಲಿ ತಿರುಗಬೇಕು. ಮಧ್ಯಾಹ್ನ ರಂಗತಾಲೀಮು. ಬಿದ್ದರೆ ಏಟಾಗದ ಹಾಗೆ ಬೀಳುವುದು, ಕತ್ತಿವರಸೆಯ ಹೆಜ್ಜೆ ತಪ್ಪದೆ ಹಾಡುವುದು. ಒಣಹವೆಗೆ ಗಂಟಲು ಆರುತ್ತದೆ, ಎತ್ತರಕ್ಕೆ ಉಸಿರು ಸಾಲದು, ಜುಲೈನಲ್ಲಿ ಇದ್ದಕ್ಕಿದ್ದ ಹಾಗೆ ಗುಡುಗು ಮಳೆ. ರಂಗದ ಬದಿಗಳು ತೆರೆದೇ ಇವೆ. ಹಿಂಬದಿಯನ್ನು ತೆರೆದಿಟ್ಟ ರಾತ್ರಿಗಳಲ್ಲಿ ಹೇಮೆಜ್ ಬೆಟ್ಟಗಳ ಹಿಂದೆ ಸೂರ್ಯ ಮುಳುಗುವುದು ಪ್ರೇಕ್ಷಕರಿಗೆ ಕಾಣುತ್ತದೆ. ಕತ್ತಲಾಗುವ ಹೊತ್ತಿಗೆ ಆಟ ಶುರು. ಅವಳು ಕೋರಸ್ಸಿನಲ್ಲಿ ನಿಂತು ಹಾಡುತ್ತಾಳೆ, ಇಲ್ಲವೇ ಪತ್ರ ತಂದುಕೊಡುವ ದಾಸಿಯಾಗಿ ಎರಡು ಸಾಲು ಹಾಡಿ ಒಳಗೆ ಹೋಗುತ್ತಾಳೆ. ಆದರೆ ಇಡೀ ನಾಯಕಿಯ ಪಾತ್ರ ಅವಳಿಗೆ ಬಾಯಿಪಾಠವಾಗಿರುತ್ತದೆ. ನಾಯಕಿಗೆ ಜ್ವರ ಬಂದರೆ ಆ ರಾತ್ರಿ ಉಡುಪು ತೊಟ್ಟು ನಿಲ್ಲಬೇಕಾದವಳು ಇವಳೇ.

ಆಗಸ್ಟಿನಲ್ಲಿ ಅಪ್ರೆಂಟಿಸ್‌ಗಳದೇ ಆದ ಸಂಜೆಗಳಿವೆ. ಬೇರೆ ಬೇರೆ ಒಪೆರಾಗಳಿಂದ ಆಯ್ದ ದೃಶ್ಯಗಳನ್ನು ಅವರೇ ಅಭಿನಯಿಸುತ್ತಾರೆ. ರಂಗಸಜ್ಜಿಕೆ, ಬೆಳಕು, ಉಡುಪು ಎಲ್ಲವೂ ತಾಂತ್ರಿಕ ಅಪ್ರೆಂಟಿಸ್‌ಗಳ ಕೈಕೆಲಸ. ಟಿಕೆಟ್ ದರ ಕಡಿಮೆ, ಊರವರು ಮಕ್ಕಳ ಸಮೇತ ಬರುತ್ತಾರೆ. ಹಿಂದಿನ ರಾತ್ರಿ ಗುಂಪಿನಲ್ಲಿ ನಿಂತಿದ್ದವಳನ್ನು ಅವತ್ತು ರಂಗದ ನಡುವೆ ನೋಡುತ್ತಾರೆ. 1995ರಲ್ಲಿ ಹಾಗೆ ಅಲ್ಲಿ ಅಪ್ರೆಂಟಿಸ್ ಆಗಿದ್ದವರಲ್ಲಿ ಇಂದಿನ ಹೆಸರಾಂತ ಗಾಯಕಿ ಜಾಯ್ಸ್ ಡಿಡೊನಾಟೊ ಒಬ್ಬರು. 2013ರಲ್ಲಿ ಅದೇ ರಂಗದ ಮೇಲೆ ರೊಸ್ಸೀನಿಯ ‘ಲಾ ದೊನ್ನಾ ದೆಲ್ ಲಾಗೊ’ದ ನಾಯಕಿಯಾಗಿ ಹಾಡಿದರು. ನಡುವಿನ ವರ್ಷಗಳ ಅಂತರವನ್ನು ಶಿಬಿರದ ಮಕ್ಕಳು ಗಮನಿಸಬೇಕು, ತಂದೆತಾಯಂದಿರು ಇನ್ನೂ ಹೆಚ್ಚು ಗಮನಿಸಬೇಕು.

ಏಕೆಂದರೆ ಒಪೆರಾ ಕಂಠಕ್ಕೆ ಅವಸರ ಆಗಿಬರುವುದಿಲ್ಲ. ಮೈಕ್ ಇಲ್ಲ. ಅರವತ್ತು ಎಪ್ಪತ್ತು ಮಂದಿಯ ವಾದ್ಯಮೇಳದ ಮೇಲೆ ಹಾಯ್ದು, ಕೊನೆಯ ಸಾಲಿಗೆ ಮಾತು ತಿಳಿಯುವ ಹಾಗೆ ಹಾಡಬೇಕು. ಅದು ಕಿರುಚಿದರೆ ಬರುವ ಶಕ್ತಿಯಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದರು. ವಾದ್ಯಮೇಳದ ಸದ್ದು ದಟ್ಟವಾಗಿರುವುದು 500 ಹರ್ಟ್ಸ್ ಸುತ್ತಮುತ್ತ, ಅಲ್ಲಿಂದ ಮೇಲೆ ಅದು ಇಳಿಯುತ್ತ ಹೋಗುತ್ತದೆ. ಪಳಗಿದ ಗಂಡು ಕಂಠದಲ್ಲಿ 3,000 ಹರ್ಟ್ಸ್ ಹತ್ತಿರ ನಾದದ ಒಂದು ಗುಂಪು ಕೂಡಿಕೊಂಡಿರುತ್ತದೆ. ವಾದ್ಯಗಳು ತೆಳುವಾಗುವ ಜಾಗದಲ್ಲಿ ಕಂಠ ಹೊಳೆಯುತ್ತದೆ. ಆ ಹೊಳಪು ಬರುವುದು ಗಂಟಲನ್ನು ಸಡಿಲವಾಗಿಟ್ಟು ವರ್ಷಗಟ್ಟಲೆ ಮಾಡಿದ ಸಾಧಕದಿಂದ. ತಗ್ಗು ದನಿಯ ಗಂಡಸರ ಕಂಠವಂತೂ ಮೂವತ್ತರ ಹತ್ತಿರ ಬಂದಾಗಲೇ ನೆಲೆಗೆ ನಿಲ್ಲುತ್ತದೆ. ಇಪ್ಪತ್ತೆರಡಕ್ಕೆ ಪದವಿ, ಮೂವತ್ತಕ್ಕೆ ಕಂಠ. ನಡುವಿನ ಎಂಟು ವರ್ಷ ಹೊಟ್ಟೆಗೇನು? ಬೇಸಿಗೆ ತರಬೇತಿಗಳು ಎದುರಿಸಬೇಕಾದ ನಿಜವಾದ ಪ್ರಶ್ನೆ ಇದು.

ಸಾಂತಾ ಫೆ ತನ್ನ ಅಪ್ರೆಂಟಿಸ್‌ಗಳಿಗೆ ಸಂಬಳ ಕೊಡುತ್ತದೆ. ಅದೇ 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಮೆರೋಲಾ ಕಾರ್ಯಕ್ರಮ ಆಯ್ಕೆಯಾದವರಿಂದ ಕಾಸು ತೆಗೆದುಕೊಳ್ಳುವುದಿಲ್ಲ. ಬೇಸಿಗೆಯ ಖರ್ಚನ್ನು ತಾನೇ ನೋಡಿಕೊಳ್ಳುತ್ತದೆ, ಶಿಬಿರ ಮುಗಿದ ಮೇಲೂ ಕೆಲವು ವರ್ಷ ಪಾಠಕ್ಕೆ, ಆಡಿಷನ್ನಿಗೆ ಹಣ ಒದಗಿಸುತ್ತದೆ. ವರ್ಜೀನಿಯಾದ ವುಲ್ಫ್ ಟ್ರ್ಯಾಪ್‌ನದು ಇನ್ನೊಂದು ಬಗೆಯ ಔದಾರ್ಯ. ಅಲ್ಲಿ ಮೊದಲು ಹಾಡುಗಾರರನ್ನು ಆರಿಸುತ್ತಾರೆ, ಅವರ ಕಂಠಗಳಿಗೆ ಹೊಂದುವ ಒಪೆರಾಗಳನ್ನು ಆಮೇಲೆ ಆರಿಸುತ್ತಾರೆ. ಹುಡುಗನ ಮೈಗೆ ಅಂಗಿ ಹೊಲಿಯುವುದೇ ಹೊರತು ಅಂಗಿಗೆ ತಕ್ಕಂತೆ ಹುಡುಗನನ್ನು ಹಿಗ್ಗಿಸುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಶಿಬಿರಗಳೂ ಬೇಕಾದಷ್ಟಿವೆ. ಹಾಡುವವರೇ ಹಣ ಕಟ್ಟಬೇಕು. ಇಟಲಿಯ ಯಾವುದೋ ಚೆಂದದ ಊರು, ಕೆಲವು ವಾರ, ಹಲವು ಸಾವಿರ ಡಾಲರ್, ವಿಮಾನದ ಖರ್ಚು ಬೇರೆ. ಎಲ್ಲವೂ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಭಾಷೆ ಕಲಿಯಲು, ಒಳ್ಳೆಯ ಗುರುಗಳ ಮುಂದೆ ನಿಲ್ಲಲು ಅವು ಕೆಲವರಿಗೆ ನೆರವಾಗಿವೆ. ಆದರೆ ಇಪ್ಪತ್ತರ ವಯಸ್ಸಿನವರ ಆಸೆಯನ್ನೇ ಬಂಡವಾಳ ಮಾಡಿಕೊಂಡು, ಕಟ್ಟಿದ ಹಣಕ್ಕೆ ಪ್ರತಿಯಾಗಿ ಒಂದು ಪಾತ್ರ, ಒಂದು ಪ್ರಮಾಣಪತ್ರ ಕೊಟ್ಟು ಕಳುಹಿಸುವುದನ್ನು ನಾನು ಒಪ್ಪಲಾರೆ. ಅಂಥ ಕಡೆ ಕಲಾವಿದೆ ಬೆಳೆಯುವುದಿಲ್ಲ, ಸಾಲ ಬೆಳೆಯುತ್ತದೆ. ನಮ್ಮ ಮಕ್ಕಳೂ ಈಗ ಇಂಥ ಶಿಬಿರಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಹಣ ಕಟ್ಟುವ ಮುನ್ನ ವಿಚಾರಿಸಿ: ವಾರಕ್ಕೆ ಎಷ್ಟು ಗಂಟೆ ಒಬ್ಬೊಬ್ಬರಿಗೇ ಪಾಠ, ಹೆಸರು ಹಾಕಿಕೊಂಡಿರುವ ಗುರುಗಳು ಎಷ್ಟು ದಿನ ಅಲ್ಲಿರುತ್ತಾರೆ, ಹೋದ ವರ್ಷ ಹೋಗಿಬಂದವರು ಈಗ ಎಲ್ಲಿ ಹಾಡುತ್ತಿದ್ದಾರೆ. ಉತ್ತರ ತಡವರಿಸಿದರೆ ಆ ಹಣವನ್ನು ಊರಿನ ಗುರುಗಳ ಪಾಠಕ್ಕೆ ಬಳಸಿ.

ಭಾರತದಲ್ಲಿ ಈ ಕಲಿಕೆಗೆ ದಾರಿಯೇ ಇರಲಿಲ್ಲ ಎನ್ನುವ ಕಾಲವಿತ್ತು. ಮುಂಬೈಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲಿತು, ಅಂತರರಾಷ್ಟ್ರೀಯ ಹೆಸರು ಪಡೆದ ಸೊಪ್ರಾನೊ ಗಾಯಕಿ ಪೆಟ್ರೀಷಿಯಾ ರೊಜಾರಿಯೊ ಅವರು ಮತ್ತೆ ಮತ್ತೆ ಇಲ್ಲಿಗೆ ಬಂದು ನಮ್ಮ ನಗರಗಳ ಎಳೆಯರಿಗೆ ಪಾಠ ಹೇಳುತ್ತಿರುವುದರಿಂದ ಆ ಮಾತು ಈಗ ಪೂರ್ತಿ ನಿಜವಲ್ಲ. ಇನ್ನು ದುಡಿಮೆಯ ನಡುವೆಯೇ ಕಲಿಸುವ ಪದ್ಧತಿಯಂತೂ ಕನ್ನಡಕ್ಕೆ ಹೊಸದೇ ಅಲ್ಲ. ನಮ್ಮ ವೃತ್ತಿ ಕಂಪನಿಗಳಲ್ಲಿ ಹುಡುಗರು ಊಟ, ಬಟ್ಟೆ, ಪಾಠ ಎಲ್ಲವನ್ನೂ ಕಂಪನಿಯಲ್ಲೇ ಪಡೆದು ಬಾಲಪಾತ್ರದಿಂದ ಮೇಲಕ್ಕೆ ಬಂದರು. ಬಂಟ್ವಾಳದ ಕಡೆಯ ಮಂಚಿಯಿಂದ ಮನೆ ಬಿಟ್ಟು ಬಂದ ಒಬ್ಬ ಹುಡುಗ ಗುಬ್ಬಿ ಕಂಪನಿ ಸೇರಿದ. ಕಂಪನಿಯ ಯಜಮಾನ ವೀರಣ್ಣನವರು ಅವನ ಒಲವನ್ನು ಗುರುತಿಸಿ ಮುಂದೆ ಓದಲು ಕಾಶಿಗೆ ಕಳುಹಿಸಿದರು. ಅವರೇ ನಮ್ಮ ಬಿ.ವಿ. ಕಾರಂತರು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ವನ್ನು ರಂಗದ ಮೇಲೆ ಹಾಡಿಸಿ ತೋರಿಸಿದ್ದೂ ಅವರೇ. ಕಂಪನಿಯ ಹುಡುಗನೊಬ್ಬನ ಓದಿನ ಖರ್ಚನ್ನು ಕಂಪನಿಯ ಯಜಮಾನರು ಹೊತ್ತದ್ದರ ಫಲವನ್ನು ಇಡೀ ಕನ್ನಡ ರಂಗಸಂಗೀತ ಉಂಡಿದೆ.

ಶಿಬಿರದ ಮಕ್ಕಳಿಗೆ ಎರಡು ಮಾತು. ಆಡಿಷನ್ ಎಂದರೆ ಸಾಮಾನ್ಯವಾಗಿ ಐದು ಆರಿಯಾಗಳ, ಅಂದರೆ ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡುಗಳ, ಪಟ್ಟಿ ಕೊಡಬೇಕು. ಮೊದಲನೆಯದು ನಿಮ್ಮ ಆಯ್ಕೆ, ಎರಡನೆಯದು ಕೇಳುವವರದು. ಎಲ್ಲ ಸೇರಿ ಹತ್ತು ನಿಮಿಷವೂ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಕಂಠಕ್ಕೆ ಇವತ್ತು ಎಟುಕುವುದನ್ನೇ ಪಟ್ಟಿಯಲ್ಲಿ ಹಾಕಿ. ಮುಂದೊಂದು ದಿನ ಹಾಡಬೇಕೆಂದಿರುವ ವ್ಯಾಗ್ನರನ ಭಾರದ ಪಾತ್ರ ಕಾಯುತ್ತದೆ, ಕಂಠ ಒಮ್ಮೆ ಕೆಟ್ಟರೆ ಮರಳುವುದು ಕಷ್ಟ. ನೀರು ಕುಡಿಯಿರಿ, ನಿದ್ದೆ ಮಾಡಿ, ಪಕ್ಕದವರ ಪಾಠವನ್ನೂ ಕೂತು ಕೇಳಿ. ಕೋರಸ್ಸಿನಲ್ಲಿ ನಿಲ್ಲಿಸಿದರೆಂದು ಬೇಸರಪಡಬೇಡಿ. ಸಾಂತಾ ಫೆಯಲ್ಲಿ ದೊಡ್ಡವರ ಉಸಿರನ್ನು ಹತ್ತಿರದಿಂದ ಕಂಡವರು ಆ ಕೋರಸ್ಸಿನವರೇ.

ಈ ಪ್ರದರ್ಶನ ಮತ್ತು ಶಿಬಿರವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಕೊನೆಯದಾಗಿ ಸಭೆಯಲ್ಲಿರುವ ಅನುಕೂಲವಂತರಲ್ಲಿ ಒಂದು ವಿನಂತಿ. ಇಲ್ಲಿ ಶುಲ್ಕ ಕಟ್ಟಲಾಗದೆ ಕಾಯುತ್ತಿರುವ ಮಕ್ಕಳಿದ್ದಾರೆ ಎಂದು ಸಂಘಟಕರು ನನಗೆ ತಿಳಿಸಿದ್ದಾರೆ. ಒಬ್ಬೊಬ್ಬರು ಒಂದೊಂದು ಮಗುವಿನ ಖರ್ಚು ವಹಿಸಿಕೊಳ್ಳಿ. ಅದು ಆಗದವರು ಸಮಾರೋಪದ ದಿನ ಮಕ್ಕಳು ಹಾಡುವಾಗ ಪಾಸ್ ಕೇಳದೆ ಟಿಕೆಟ್ ಕೊಂಡು ಬನ್ನಿ.