ಬೆತ್ಲೆಹೇಮಿನ ಹಕ್ಕಲು
(ಆಗಮನ ಕಾಲದಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿಯು ಸಮೀಪಿಸಿದೆ. ಮನೆಮನೆಗಳಲ್ಲಿ ಗೋದಲಿಯ ಸಿದ್ಧತೆ, ಕರ್ಚಿಕಾಯಿಯ ಸಂಭ್ರಮ ಆರಂಭವಾಗಿದೆ. ಈ ದಿನಗಳಲ್ಲಿ ದಾನಧರ್ಮವನ್ನು ಕುರಿತ ಮಾತು ಕೇಳಿಬರುವುದು ವಾಡಿಕೆ. ಕೊಡಿರೆಂದು ನಿಮಗೆ ಬೋಧಿಸುವ ಅಗತ್ಯವಿಲ್ಲ, ನೀವು ಕೊಡುವವರೇ. ಹೇಗೆ ಕೊಡಬೇಕೆಂಬ ಒಂದೇ ವಿಷಯವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಯೇಸುಸ್ವಾಮಿ ಜನಿಸಿದ ಊರು ಬೆತ್ಲೆಹೇಮ್. ಆ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ. ಸ್ವಾಮಿಯ ಜನನಕ್ಕೆ ಎಷ್ಟೋ ಶತಮಾನಗಳ ಹಿಂದೆ, ಜವೆಗೋಧಿಯ ಸುಗ್ಗಿಯಲ್ಲಿ, ಅದೇ ಊರಿನ ಹೊಲಕ್ಕೆ ಮೋವಾಬ್ ನಾಡಿನ ಒಬ್ಬ ವಿಧವೆ ಬಂದಳು. ಆಕೆಯೇ ರೂತಳು. ಮನೆಯಲ್ಲಿ ವೃದ್ಧೆಯಾದ ಅತ್ತೆ, ಕೈಯಲ್ಲಿ ಬಿಡಿಗಾಸಿಲ್ಲ. ಕೊಯ್ಯುವವರ ಹಿಂದೆ ಹಿಂದೆ ನಡೆದು ಬಿದ್ದ ತೆನೆಗಳನ್ನು ಆಯತೊಡಗಿದಳು. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿಯಾಗಿತ್ತು. ಹೊಲದ ಒಡೆಯನಾದ ಬೋವಜನು ಆ ವಿಧಿಗಿಂತ ಒಂದು ಹೆಜ್ಜೆ ಮುಂದೆ ಹೋದನು. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಉದುರಿಸಿರಿ, ಆಕೆಯನ್ನು ಗದರಿಸಬೇಡಿರಿ ಎಂದು ತನ್ನ ಆಳುಗಳಿಗೆ ಅಪ್ಪಣೆ ಮಾಡಿದನು. ಕರೆದು ಒಂದು ಮೂಟೆ ಕೊಟ್ಟು ಕಳುಹಿಸಬಹುದಿತ್ತು. ಆದರೆ ಆ ಹೆಣ್ಣುಮಗಳು ಸಂಜೆ ಮನೆಗೆ ಒಯ್ದದ್ದು ಭಿಕ್ಷೆಯಾಗಿರಲಿಲ್ಲ; ತಾನೇ ಆಯ್ದು, ತಾನೇ ಬಡಿದ ಕಾಳಾಗಿತ್ತು. ಈ ರೂತಳ ಹೆಸರನ್ನು ಸಂತ ಮತ್ತಾಯನು ಯೇಸುಸ್ವಾಮಿಯ ವಂಶಾವಳಿಯಲ್ಲಿ ಮರೆಯದೆ ಬರೆದಿದ್ದಾನೆ.

ನಮ್ಮ ಭಾಗದ ಹಿರಿಯರಿಗೆ ಹಕ್ಕಲು ಎಂಬ ಶಬ್ದವನ್ನು ವಿವರಿಸಬೇಕಾಗಿಲ್ಲ. ಜೋಳ ಕೊಯ್ದ ಹೊಲದಲ್ಲಿ ಹಕ್ಕಲು ಆಯುವ ಹೆಂಗಸರು ಮಕ್ಕಳನ್ನು ತಡೆಯುವುದು ನಾಚಿಕೆಗೇಡೆಂದು ಒಕ್ಕಲಿಗರು ಭಾವಿಸುತ್ತಿದ್ದರು. ಕಣದಲ್ಲಿ ಆಯಗಾರರಿಗೆ ಆಯ ಅಳೆದ ಮೇಲೆಯೇ ರಾಶಿ ಮನೆಗೆ ಬರುತ್ತಿತ್ತು. (ಆ ವ್ಯವಸ್ಥೆಯಲ್ಲಿ ಜಾತಿಯ ವಿಷವೂ ಬೆರೆತಿತ್ತು, ಅದನ್ನು ಹೊಗಳಲು ನಾನು ನಿಂತಿಲ್ಲ.) 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಕಡೆ ಭತ್ತದ ಗದ್ದೆಗಳು ಎದ್ದವು. ಕಾಲುವೆಯ ಕೊನೆಭಾಗದ ರೈತನಿಗೆ ನೀರಿನ ಚಿಂತೆ ಇಂದಿಗೂ ತಪ್ಪಿಲ್ಲವಾದರೂ, ಬೆಳೆದವರ ಮನೆಗೆ ಈ ತಿಂಗಳಲ್ಲೇ ಭತ್ತ ಬರುತ್ತದೆ. ಅದನ್ನು ಈಗ ಕೊಯ್ಯುವುದು ಯಂತ್ರ. ಯಂತ್ರವು ಸಾಗಿದ ಗದ್ದೆಯಲ್ಲಿ ಬಡವಿಗೆ ಕೂಲಿಯೂ ಇಲ್ಲ, ಆಯಲು ಹಕ್ಕಲೂ ಇಲ್ಲ.

ದೇವದುರ್ಗದ ಸ್ಥಿತಿ ಬೇರೆ. 2002ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ಅದನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ನಾರಾಯಣಪುರ ಬಲದಂಡೆ ಕಾಲುವೆಯು ತಾಲ್ಲೂಕಿನ ಒಂದು ಭಾಗಕ್ಕೆ ನೀರುಣಿಸಿದೆ. ಉಳಿದ ಕಡೆ ಮಳೆಯನ್ನೇ ನೆಚ್ಚಿದ ಹತ್ತಿ, ತೊಗರಿ. ಹೊಲದ ಕೆಲಸ ತೀರುತ್ತಲೇ ಜನ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುತ್ತಾರೆ. ಮೇಸ್ತ್ರಿಯಿಂದ ಪಡೆದ ಮುಂಗಡವನ್ನು ತೀರಿಸಲು ಗಂಡಹೆಂಡಿರಿಬ್ಬರೂ ಹೋಗಬೇಕು. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. 2020ರ ಲಾಕ್‌ಡೌನ್ ಕಾಲದಲ್ಲಿ ಆ ದುಡಿಯುವ ಜನ ಹೆಗಲ ಮೇಲೆ ಕೂಸುಗಳನ್ನು ಹೊತ್ತು ನಡೆದು ಬಂದಾಗ ನಾಡೆಲ್ಲ ಮರುಗಿತು. ಮರು ವರ್ಷಗಳಲ್ಲಿ ಅವರು ಪುನಃ ಹೊರಟುಹೋದದ್ದನ್ನು ಯಾರು ಗಮನಿಸಿದರು?

ಇಂಥ ನೆರೆಹೊರೆಯ ನಡುವೆ ನಾವು ಕ್ರಿಸ್ಮಸ್ ದಾನವನ್ನು ಹೇಗೆ ಮಾಡುತ್ತಿದ್ದೇವೆ? ಶಾಮಿಯಾನ ಹಾಕುತ್ತೇವೆ. ದಾನಿಗಳ ಹೆಸರುಳ್ಳ ಬ್ಯಾನರು ಕಟ್ಟುತ್ತೇವೆ. ವಿಧವೆಯರನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಸೀರೆ ಕೊಡುತ್ತೇವೆ, ಆಕೆ ಸೆರಗು ಸರಿಪಡಿಸಿಕೊಳ್ಳುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇವೆ. ಸೀರೆ ಆಕೆಗೆ ಬೇಕಾಗಿತ್ತು, ಚಿತ್ರ ಬೇಕಾಗಿರಲಿಲ್ಲ. ನಿಮ್ಮ ಉದಾರತೆಯನ್ನು ನಾನು ಹಳಿಯುತ್ತಿಲ್ಲ. ಕೊಡುವ ಕೈಗೆ ಬೋವಜನ ಜಾಣತನವನ್ನು ಬೇಡುತ್ತಿದ್ದೇನೆ.

ಮೊದಲನೆಯದಾಗಿ ಕೂಲಿಯ ವಿಷಯ. ಹತ್ತಿ ಬಿಡಿಸುವ ಹೆಂಗಸರ ಕೂಲಿಯನ್ನು ಹಬ್ಬಕ್ಕೆ ಮುನ್ನ ಪೂರ್ತಿಯಾಗಿ, ತೂಕದಲ್ಲಿ ಮೋಸವಿಲ್ಲದೆ ಸಲ್ಲಿಸಿರಿ. ತಡೆದಿಟ್ಟ ಕೂಲಿಯು ದೇವರ ಸನ್ನಿಧಿಯಲ್ಲಿ ಮೊರೆಯಿಡುತ್ತದೆಂದು ಸಂತ ಯಕೋಬನು ಎಚ್ಚರಿಸಿದ್ದಾನೆ. ಕೂಲಿಯನ್ನು ತಡೆದು ಕಂಬಳಿ ಹಂಚಿದರೆ ಅದು ದಾನವಾಗದು. ಆಕೆಯ ಹಣದಿಂದಲೇ ಆಕೆಗೆ ಕಂಬಳಿ ಕೊಂಡಂತಾಯಿತು.

ಕಂಬಳಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಸಂತೆಯ ತೆಳು ಕಂಬಳಿಗಳಿಗೆ ಹಣ ಸುರಿಯುವ ಬದಲು, ಮನೆಯ ಹಳೆಯ ಸೀರೆಗಳನ್ನು ಕೊಟ್ಟು ನೆರೆಯ ಬಡ ತಾಯಂದಿರಿಂದ ಕೌದಿ ಹೊಲಿಸಿರಿ. ಹೊಲಿದವಳಿಗೆ ಕೂಲಿ ದೊರೆಯುವುದು, ಗುಳೆ ಹೋದವರ ಮನೆಯ ಮುದುಕನಿಗೆ ಚಳಿ ನೀಗುವುದು. ನಗರದವರು ಇನ್ನೊಂದು ಕೆಲಸ ಮಾಡಬಹುದು. ಓಣಿಯ ಕಿರಾಣಿ ಅಂಗಡಿಗೆ ಹೋಗಿ, ಉದ್ರಿ ಪುಸ್ತಕದಲ್ಲಿ ಒಂದು ಬಡ ಕುಟುಂಬದ ಲೆಕ್ಕವನ್ನು ಚುಕ್ತಾ ಮಾಡಿ, ಹೆಸರು ಹೇಳಬೇಡವೆಂದು ಅಂಗಡಿಯವನಿಗೆ ತಿಳಿಸಿ ಬನ್ನಿರಿ. ಮಾನ್ವಿಯ ಕಡೆ ಭತ್ತ ಬೆಳೆದವರು ನೂರು ಚೀಲಕ್ಕೆ ಒಂದು ಚೀಲವನ್ನು ಹಕ್ಕಲೆಂದು ತೆಗೆದಿಡಿರಿ. ಆದರೆ ಈಗಲೇ ಹಂಚಬೇಡಿರಿ. ಹಬ್ಬದ ದಿನ ಬಡವನಿಗೆ ನಾಲ್ಕು ಕಡೆ ಊಟ ಸಿಗುತ್ತದೆ. ಕೆಲಸವಿಲ್ಲದ ಏಪ್ರಿಲ್, ಮೇ ತಿಂಗಳುಗಳಲ್ಲಿ ಅವನ ಮಡಕೆ ಬರಿದಾಗುತ್ತದೆ. ನಮ್ಮ ಪೂರ್ವಜರು ಹಗೇವಿನಲ್ಲಿ ಜೋಳ ತುಂಬಿ ಮಣ್ಣು ಮುಚ್ಚುತ್ತಿದ್ದುದು ಕಷ್ಟದ ದಿನಗಳಿಗಾಗಿಯೇ ಅಲ್ಲವೇ?

ಹಾಗಾದರೆ ಹಬ್ಬದ ಅನ್ನಸಂತರ್ಪಣೆ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಬಡಿಸಿ ದೂರ ನಿಲ್ಲದೆ ಅವರ ಪಂಕ್ತಿಯಲ್ಲೇ ಕುಳಿತು ಉಣ್ಣಿರಿ. 1223ರಲ್ಲಿ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಜೀವಂತ ಎತ್ತು ಕತ್ತೆಗಳೊಡನೆ ಗೋದಲಿಯನ್ನು ಕಟ್ಟಿದ ಅಸ್ಸಿಸಿಯ ಸಂತ ಫ್ರಾನ್ಸಿಸನು, ಆ ದಿನ ಶ್ರೀಮಂತರು ಬಡವರಿಗೆ ಹೊಟ್ಟೆ ತುಂಬ ಉಣಬಡಿಸಬೇಕೆಂದೂ ದನಗಳಿಗೆ ಸಹ ಎಂದಿಗಿಂತ ಹೆಚ್ಚು ಮೇವು ಹಾಕಬೇಕೆಂದೂ ಹಂಬಲಿಸಿದನು. ಎತ್ತು ಕಟ್ಟಿದ ನಮ್ಮ ರೈತರಿಗೆ ಈ ಸಂತನು ಪ್ರಿಯನಾಗದಿರನು.

1833ರಲ್ಲಿ ಪ್ಯಾರಿಸ್ ನಗರದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಮ್ ಮತ್ತು ಆತನ ಮಿತ್ರರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರನ್ನು ತಮ್ಮಲ್ಲಿಗೆ ಕರೆಸುವುದಿಲ್ಲ; ತಾವೇ ಅವರ ಮನೆಗಳಿಗೆ ಹೋಗುತ್ತಾರೆ. ತಮ್ಮ ಕೂಟಗಳಲ್ಲಿ ಯಾರೆಷ್ಟು ಕೊಟ್ಟರೆಂದು ತಿಳಿಯದಂತೆ ಗುಪ್ತ ಕಾಣಿಕೆ ಎತ್ತುತ್ತಾರೆ. ಆ ಕ್ರಮವನ್ನೇ ನಾವು ಮುಂದಿನ ಭಾನುವಾರ ಅನುಸರಿಸೋಣ. ದಿವ್ಯಬಲಿಪೂಜೆಯ ವೇಳೆ ಕಿರಿದಾದ ಬಾಯಿಯ ಬಟ್ಟೆಯ ಚೀಲವೊಂದು ಸಾಲಿನಿಂದ ಸಾಲಿಗೆ ಬರುವುದು. ಎಲ್ಲರೂ ಮುಷ್ಟಿ ಕಟ್ಟಿ ಕೈಯನ್ನು ಒಳಗಿಡಿರಿ, ಕೊಡಲು ಏನೂ ಇಲ್ಲದವರೂ ಸಹ. ಯಾರ ಮುಷ್ಟಿಯಲ್ಲಿ ನೋಟಿತ್ತು, ಯಾರದು ಬರಿದಾಗಿತ್ತು ಎಂಬುದು ಪಕ್ಕದಲ್ಲಿ ಕುಳಿತವರಿಗೂ ತಿಳಿಯಬೇಕಾಗಿಲ್ಲ.