ನಿರುಪಾಯದ ವಿವಾಹ, ನಿಧಾನದ ಒಲವು

ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಜನಿಸಿದ ಜ್ಯಾನೆಟ್ ಓಕ್ ಎಂಬ ಲೇಖಕಿಯು 1979ರಲ್ಲಿ ಪ್ರಕಟಿಸಿದ ‘ಲವ್ ಕಮ್ಸ್ ಸಾಫ್ಟ್‌ಲಿ’ ಎಂಬ ಕಾದಂಬರಿಯು, ಕ್ರೈಸ್ತ ಶ್ರದ್ಧೆಯ ಪ್ರಣಯಕಥೆಗಳಿಗೆ ಅಮೆರಿಕದಲ್ಲಿ ದಾರಿ ತೆರೆದ ಕೃತಿಯೆಂದು ಪ್ರಸಿದ್ಧವಾಗಿದೆ. ಪಶ್ಚಿಮದ ಬಯಲಿಗೆ ಬಂಡಿಯೇರಿ ಬಂದು, ನೆಲೆಯೂರುವ ಮುನ್ನವೇ ಪತಿಯನ್ನು ಕಳೆದುಕೊಂಡ ಗರ್ಭಿಣಿ ಮಾರ್ಟಿಯು, ತಾಯಿಯಿಲ್ಲದ ಹಸುಳೆ ಮಿಸ್ಸಿಯ ಪಾಲನೆಗೆಂದು ಅವಳ ತಂದೆ, ಕ್ಲಾರ್ಕ್ ಎಂಬ ವಿಧುರ ರೈತನನ್ನು, ಒಲವಿನಿಂದಲ್ಲ, ಕೇವಲ ನಿರುಪಾಯದಿಂದ ವರಿಸುತ್ತಾಳೆ. ಚಳಿಗಾಲ ಕಳೆದ ಮೇಲೆ ಆಕೆಗೆ ಪೂರ್ವಕ್ಕೆ ಮರಳುವ ಮನಸ್ಸಾದರೆ, ಮಿಸ್ಸಿಯನ್ನೂ ಒಯ್ಯುವುದಾದಲ್ಲಿ, ದಾರಿಯ ವೆಚ್ಚವನ್ನು ತಾನೇ ಕೊಡುವೆನೆಂದು ಆತನು ಮೊದಲೇ ಮಾತು ಕೊಟ್ಟಿರುತ್ತಾನೆ. ಪ್ರಾರ್ಥನೆಯ ಪರಿಚಯವೇ ಇಲ್ಲದ ಆಕೆಯು, ಉಪದೇಶಕ್ಕಿಂತ ಮಿಗಿಲಾಗಿ, ಊಟಕ್ಕೆ ಮುನ್ನ ತಲೆಬಾಗುವ ಆ ರೈತನ ನಿತ್ಯದ ನಡತೆಯನ್ನು ಕಾಣುತ್ತ ಕಾಣುತ್ತ, ಮೊದಲು ದೇವರನ್ನೂ ಅನಂತರ ಗಂಡನನ್ನೂ ಅರಿಯುತ್ತಾಳೆ. ಇಂಥ ಕಥೆಗಳ ಮಂಗಳಾಂತ್ಯವು ಮೊದಲ ಪುಟದಲ್ಲಿಯೇ ನಿಶ್ಚಿತವೆಂಬ ಆಕ್ಷೇಪವು (ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಿಗೂ ಅದು ಸಲ್ಲುವುದಷ್ಟೆ!) ಸುಳ್ಳೇನೂ ಅಲ್ಲ. ಆದರೂ, ಹೊರಟುಹೋಗುವ ಹಾದಿಯನ್ನು ಹೆಣ್ಣಿಗೆ ಮುಕ್ತವಾಗಿಟ್ಟು, ಬಳಿಕ ಅವಳ ಮನಸ್ಸಿಗಾಗಿ ಕಾಯಬಲ್ಲ ಪುರುಷನೊಬ್ಬನನ್ನು ಚಿತ್ರಿಸಿದ ಕಾರಣಕ್ಕೆ, ಈ ಪುಸ್ತಕವು ತನ್ನ ಬಗೆಯ ಅನೇಕ ಕೃತಿಗಳಿಗಿಂತ ಮೇಲಾದುದೆಂದೇ ನನ್ನ ಅಭಿಪ್ರಾಯ.