ಬುಟ್ಟಿ ಹೆಣೆದವರ ಹೆಸರು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾವು ವಿದ್ವಾಂಸರಲ್ಲ, ಮುನಿರ್ಕಾದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಸಾಮಾನ್ಯ ಸಂಸಾರಿಗಳು. ಆದುದರಿಂದ ನಾಡುನುಡಿಯ ಹಿರಿಮೆಯನ್ನು ಬಣ್ಣಿಸುವ ಕೆಲಸವನ್ನು ಬಲ್ಲವರಿಗೆ ಬಿಟ್ಟು, ಮಕ್ಕಳೊಡನೆ ಕಳೆದ ಒಂದು ದಿನದ ಸಂಗತಿಯನ್ನಷ್ಟೇ ತಮ್ಮ ಮುಂದಿಡುತ್ತೇವೆ.

ಮುನಿರ್ಕಾ ಮೂಲತಃ ಜಾಟರ ಹಳ್ಳಿ. ಸುತ್ತಲೂ ದೆಹಲಿ ಬೆಳೆದು, ಈಗ ಅದರ ಇಕ್ಕಟ್ಟಾದ ಗಲ್ಲಿಗಳಲ್ಲಿ ಬಿಹಾರದವರು, ದಕ್ಷಿಣದವರು, ಈಶಾನ್ಯ ರಾಜ್ಯಗಳಿಂದ ಓದಲು ಬಂದವರು ಗೋಡೆಗೆ ಗೋಡೆ ತಾಗಿಸಿಕೊಂಡು ವಾಸವಾಗಿದ್ದಾರೆ. ಅಲ್ಲಿಂದ ಮೆಟ್ರೋ ಹಿಡಿದು, ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸಿ, ದೆಹಲಿ ವಿಶ್ವವಿದ್ಯಾನಿಲಯಕ್ಕೆ ಹೋದೆವು. ಅಲ್ಲಿನ ಮಾನವಶಾಸ್ತ್ರ ವಿಭಾಗ 1947ರಲ್ಲಿ ಆರಂಭವಾದದ್ದು. ಅದಕ್ಕೆ ಸೇರಿದ ಚಿಕ್ಕದೊಂದು ವಸ್ತುಸಂಗ್ರಹಾಲಯವುಂಟು. ಜೊತೆಗೆ ಎಂಟು ವರ್ಷದ ಮಗ, ಆರು ವರ್ಷದ ಮಗಳು. ಚಿಕ್ಕ ಮಕ್ಕಳಿಗೆ ಚಿಕ್ಕ ಸಂಗ್ರಹಾಲಯವೇ ಲೇಸು. ದೊಡ್ಡದರಲ್ಲಿ ಕಾಲು ಸೋಲುತ್ತದೆ. ಚಿಕ್ಕದರಲ್ಲಿ ಪ್ರಶ್ನೆ ಕೇಳಲು ವ್ಯವಧಾನವಿರುತ್ತದೆ.

ಮಗ ಶಿಲಾಯುಗದ ಆಯುಧಗಳೆದುರು ನಿಂತ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿ, ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣಕಲ್ಲನ್ನು ಒಡೆದು ಇಂಥ ಕೈಗೊಡಲಿಗಳನ್ನು ಮಾಡುತ್ತಿದ್ದರೆಂದು ಹೇಳಿದೆವು. "ಅವರು ಕನ್ನಡ ಮಾತಾಡ್ತಿದ್ರಾ?" ಎಂದು ಕೇಳಿದ. ನಗು ಬಂದಿತು. ಕನ್ನಡವೇನು, ಇಂದಿನ ಯಾವ ನುಡಿಯೂ ಆಗ ಹುಟ್ಟಿರಲಿಲ್ಲ. ನಮ್ಮ ನೆಲ ನಮ್ಮ ನುಡಿಗಿಂತ ಎಷ್ಟೋ ಹಿರಿಯದೆಂಬುದು ಮಗನ ದೆಸೆಯಿಂದ ನಮಗೂ ಮನದಟ್ಟಾಯಿತು.

ಮುಂದೆ ಈಶಾನ್ಯದ ಗುಡ್ಡಗಾಡಿನದೊಂದು ಕೆಂಪು ಶಾಲು. ಮಗಳು ಗಾಜಿಗೆ ಮೂಗು ಒತ್ತಿ, "ಇದು ಮೇಲಿನ ಮನೆ ಅಕ್ಕನದು!" ಎಂದು ಕೂಗಿದಳು. ನಮ್ಮ ಮೇಲಿನ ಮಹಡಿಯಲ್ಲಿರುವ ವಿದ್ಯಾರ್ಥಿನಿಯನ್ನು ಅವಳು ಹೆಸರು ಹಿಡಿದು ಬಲ್ಲಳು. "ಅಕ್ಕನ ಹೆಸರು ಯಾಕೆ ಬರೆದಿಲ್ಲ?" ಎಂಬುದು ಅವಳ ಆಕ್ಷೇಪ. ಪ್ರಪಂಚದ ಯಾವ ಇಂಥ ಸಂಗ್ರಹಾಲಯಕ್ಕೆ ಹೋದರೂ ಜನಾಂಗದ ಹೆಸರು ಸಿಗುತ್ತದೆ. ನೇಯ್ದವರ ಹೆಸರು ಸಿಗುವುದು ಅಪರೂಪ.

ಅನಂತರ ಬುಟ್ಟಿಗಳ ಸಾಲು. ಅವನ್ನು ಕಂಡೊಡನೆ ದಕ್ಷಿಣ ಕನ್ನಡದ ನಮ್ಮ ಮನೆ ಕಣ್ಣಮುಂದೆ ಬಂದಿತು. ಅಲ್ಲಿ ಕಾಡುಬಳ್ಳಿಯಿಂದ ಹೆಣೆದ ಕುಡುಪು ಇತ್ತು. ಬೆಂದ ಅನ್ನದ ಗಂಜಿ ಬಸಿಯಲು ಬಳಸುವಂಥದು. ಅದನ್ನು ಹೆಣೆದು ತರುತ್ತಿದ್ದವಳು ಒಬ್ಬ ಕೊರಗ ಹೆಂಗಸು. ಅವಳು ಅಂಗಳದಾಚೆ ನಿಲ್ಲುತ್ತಿದ್ದಳು. ಕುಡುಪು ಅಡಿಗೆಮನೆಗೆ ಹೋಗುತ್ತಿತ್ತು.

ಇದನ್ನು ಹೇಳುತ್ತಿದ್ದಂತೆ ಮಗಳು ಕೇಳಿದಳು: "ಬುಟ್ಟಿ ಒಳಗೆ ಬರಬಹುದು, ಅವರು ಬರಬಾರದಾ?"

ಉತ್ತರ ಹೊಳೆಯಲಿಲ್ಲ. ಕೊರಗರನ್ನು ಕೀಳಾಗಿ ಕಾಣುವ, ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆರು ವರ್ಷದ ಮಗುವಿಗೆ ಅದನ್ನೆಲ್ಲ ಹೇಗೆ ಹೇಳುವುದು? "ಬರಬೇಕಾಗಿತ್ತು ಮಗಳೇ, ನಾವು ಕರೆಯಲಿಲ್ಲ, ಅದು ತಪ್ಪು" ಎಂದೆವು.

"ಅವರ ಹೆಸರೇನು?"

ಅದೂ ಗೊತ್ತಿರಲಿಲ್ಲ. ಮನೆಗೆ ಬಂದು ರಾತ್ರಿ ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆವು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಜಾತಿ ಹಿಡಿದೇ ಕರೀತಿದ್ದದ್ದಲ್ಲವಾ? ಹೆಸರು ಯಾರು ಕೇಳಿದ್ದಾರೆ?" ಎಂದರು. ವಾರ ಕಳೆದ ಮೇಲೆ ಅವರೇ ಫೋನು ಮಾಡಿದರು. ಆ ಹೆಂಗಸು ತೀರಿಕೊಂಡು ವರ್ಷಗಳಾದುವಂತೆ. ಅಮ್ಮ ಅವಳ ಮಗಳ ಮನೆಗೆ ಹೋಗಿ, ಹೆಸರು ಕೇಳಿಕೊಂಡು, ಅಲ್ಲಿಯೇ ಕುಳಿತು ಚಹಾ ಕುಡಿದು ಬಂದಿದ್ದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಆ ಹೆಸರನ್ನು ಈ ಸಭೆಯಲ್ಲಿ ಹೇಳಲು ಅವಳ ಮನೆಯವರ ಒಪ್ಪಿಗೆ ಪಡೆದಿಲ್ಲ, ಆದ್ದರಿಂದ ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಮಾತ್ರ ಅದು ಬಾಯಿಪಾಠವಾಗಿದೆ.

ಮಹನೀಯರೇ, 1956ರಲ್ಲಿ ಒಂದಾದ ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಒಂದು ಹೆಸರಿಗಾಗಿ ಹದಿನೇಳು ವರ್ಷ ಕಾದ ಜನ ನಾವು. ಹೆಸರಿನ ಬೆಲೆ ನಮಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ತಾವೂ ಬಿಡುವಾದಾಗ ಮಕ್ಕಳನ್ನು ಇಂಥದೊಂದು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿರಿ. ಇದು ಏನು, ಯಾವ ಕಾಲದ್ದು ಎಂದು ತೋರಿಸಿರಿ. ಆಮೇಲೆ, ಇದನ್ನು ಮಾಡಿದವರು ಯಾರು ಎಂದು ಮಕ್ಕಳು ಕೇಳಿದರೆ ಅವಸರಪಡಿಸಬೇಡಿರಿ. ಉತ್ತರ ಅಲ್ಲಿ ಸಿಗದಿದ್ದರೆ ಊರಿಗೆ ಒಂದು ಫೋನು ಮಾಡಿರಿ.